‘ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸರ್’ ಅಂದ್ರೆ ನಂಬಬೇಡಿ, ಲೆದರ್ ಶರ್ಟ್ ತಗೊಳ್ಳೋರು ಓದಿ

ಲೆದರ್ ಶರ್ಟ್ ತಗೋಬೇಕು ಅಂತ ಇರೋರು, ಅದರಲ್ಲೂ ಆರ್ಡರ್ ಮಾಡಿ ತರಿಸ್ಕೊಂಡ ಶರ್ಟು ರಟ್ಟಿನ ಥರ ಬಿರುಸಾಗಿದೆ, ಇದನ್ನ ಹೆಂಗಪ್ಪಾ ಮೆತ್ತಗೆ ಮಾಡೋದು ಅಂತ ತಲೆ ಕೆರ್ಕೊಂಡು ಕೂತಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ಓದೋಕೆ ಟೈಮ್ ಇಲ್ಲ ಅಂದ್ರೆ ಒಂದೇ ಒಂದು ಕೆಲಸ ಮಾಡಿ, ರಿಟರ್ನ್ ಮಾಡೋಕೆ ಕೊನೇ ದಿನ ಯಾವ್ದು ಅಂತ ಈಗ್ಲೇ ನೋಡ್ಕೊಳ್ಳಿ. ಈಗ್ಲೇ. ಆಮೇಲೆ ಬೇಕಾದ್ರೆ ಮಾರಿದವರ ಹತ್ರ ಟಿಪ್ಸ್ ಕೇಳಿ.

ನಾನು ತಗೊಂಡಿದ್ದು ಕಪ್ಪು ಬಣ್ಣದ ಫುಲ್ ಸ್ಲೀವ್ ಶರ್ಟು, ಜಾಕೆಟ್ ಅಲ್ಲ, ಕಾಲರ್ ಇರೋ, ಟಿಚ್ ಬಟನ್ ಇರೋ ಶರ್ಟು. ‘ಜೆನ್ಯೂನ್ ಲೆದರ್, ಸ್ಲಿಮ್ ಫಿಟ್’ ಅಂತ ಬರೆದಿದ್ರು, ಫೋಟೋದಲ್ಲಿ ಆ ಮಾಡೆಲ್ಲು ಕೈ ಕಟ್ಕೊಂಡು ಆರಾಮಾಗಿ ನಿಂತಿದ್ದ. ಅಳತೆ ಚಾರ್ಟ್ ನೋಡೇ ಆರ್ಡರ್ ಮಾಡಿದ್ದು. ಬಂದ್ಮೇಲೆ ಹಾಕ್ಕೊಂಡು ಕೈ ಮುಂದೆ ಚಾಚೋಣ ಅಂದ್ರೆ ಬೆನ್ನು ಹಿಡ್ಕೊಳ್ಳುತ್ತೆ, ಭುಜದ ಹೊಲಿಗೆ ಭುಜದ ತುದೀಲಿ ಕೂರಬೇಕಾದ್ದು ಕತ್ತಿನ ಕಡೆಗೆ ಎರಡು ಬೆರಳು ಒಳಗೆ ಕೂತಿದೆ, ಎದೆ ಬಟನ್ ಉಸಿರು ಬಿಗಿ ಹಿಡಿದ್ರೆ ಮಾತ್ರ ಬೀಳುತ್ತೆ, ಕಾಲರ್ ಅಂಚು ದವಡೆ ಕೆಳಗೆ ಉಜ್ಜಿ ಉಜ್ಜಿ ಕೆಂಪು ಗೆರೆ. ಅವತ್ತೇ ಸಂಜೆ ಮಾರಿದವರಿಗೆ ಮೆಸೇಜ್ ಹಾಕ್ದೆ, ಸೈಜ್ ಸರಿ ಇಲ್ಲ, ತುಂಬಾ ಗಟ್ಟಿ ಇದೆ, ವಾಪಸ್ ತಗೊಳ್ಳಿ ಅಂತ. ಅವತ್ತೇ!

ಬಂದ ಉತ್ತರ: “ಸರ್, ಒರಿಜಿನಲ್ ಲೆದರ್ ಹೀಗೇ ಇರುತ್ತೆ. ರೆಕ್ಸಿನ್ ಆದ್ರೆ ಮೊದಲನೇ ದಿನವೇ ಮೆತ್ತಗಿರುತ್ತೆ.”

ಹೆಂಗಿದೆ ನೋಡಿ ಡೈಲಾಗು. ಇದನ್ನ ಓದಿದ್ಮೇಲೆ ಯಾರಿಗೆ ತಾನೇ ಬಾಯಿ ಬರುತ್ತೆ? ಮೆತ್ತಗಿರೋದು ಬೇಕು ಅಂದ್ರೆ ನಿಮಗೆ ಲೆದರ್ ಗೊತ್ತಿಲ್ಲ ಅಂತ ಅರ್ಥ, ಅಷ್ಟು ನಯವಾಗಿ ಮುಖಕ್ಕೆ ಹೊಡೆದಂಗೆ ಹೇಳಿಬಿಟ್ರು. ಆಮೇಲೆ ಗೊತ್ತಾಯ್ತು ಇದು ಶುದ್ಧ ಸುಳ್ಳು ಅಂತ. ಒಳ್ಳೆ ಕುರಿ ಚರ್ಮದ ಶರ್ಟು ಮೊದಲನೇ ದಿನವೇ ಬಟ್ಟೆ ಥರ ಇಳಿಬೀಳುತ್ತೆ, ಜಿಂಕೆ ಚರ್ಮದ್ದಂತೂ ಇನ್ನೂ ಮೆತ್ತಗೆ. ಶರ್ಟಿಗೆ ಅಂತ ಬಳಸೋ ತೆಳು ಚರ್ಮ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ದಪ್ಪ, ಬೈಕ್ ಓಡಿಸೋರ ಜಾಕೆಟ್ಟಿಗೆ ಹಾಕೋದು ಒಂದು ಮಿಲಿಮೀಟರಿಗಿಂತ ಜಾಸ್ತಿ ದಪ್ಪದ್ದು, ಅದು ಬಿದ್ದಾಗ ಮೈ ಕಾಯೋಕೆ ಇರೋದು, ಅದು ಗಟ್ಟಿ ಇದ್ರೆ ಅರ್ಥ ಇದೆ. ಶರ್ಟು ಯಾಕೆ ಗಟ್ಟಿ ಇರಬೇಕು?

ಸರಿ, ನಾನು ಭುಜದ ವಿಷಯ ಮತ್ತೆ ಕೇಳ್ದೆ. “ಹಾಕ್ತಾ ಹಾಕ್ತಾ ನಿಮ್ಮ ಮೈ ಶೇಪಿಗೆ ಬರುತ್ತೆ ಸರ್, ಲೆದರ್ ಸ್ಟ್ರೆಚ್ ಆಗುತ್ತೆ, ಈಗ ಲೂಸ್ ತಗೊಂಡ್ರೆ ಆಮೇಲೆ ಜೋತು ಬೀಳುತ್ತೆ” ಅಂದ್ರು. ಈ ಮಾತು ಅರ್ಧ ನಿಜ, ಅದಕ್ಕೇ ಇಷ್ಟು ಜನ ಬೀಳ್ತಾರೆ. ಚರ್ಮದೊಳಗೆ ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಹೆಣ್ಕೊಂಡಿರ್ತವೆ, ಹದ ಮಾಡುವಾಗ ಅದಕ್ಕೆ ಎಣ್ಣೆ ಕುಡಿಸ್ತಾರೆ, ಎಳೆಗಳು ಒಂದರ ಮೇಲೊಂದು ಜಾರಲಿ ಅಂತ, ಆಮೇಲೆ ಮೆಷಿನ್ನಿಗೆ ಹಾಕಿ ಬಡಿದು ಎಳೆದು ಮೆತ್ತಗೆ ಮಾಡ್ತಾರೆ. ನಾವು ಹಾಕ್ಕೊಂಡು ಓಡಾಡಿದಾಗ ಮೊಣಕೈ, ಕಂಕುಳು, ಕಾಲರ್ ಮಡಿಕೆ ಇಂಥ ಕಡೆ ಮೈ ಬಿಸಿಗೆ, ಬೆವರಿನ ತೇವಕ್ಕೆ ಅದೇ ಕೆಲಸ ನಿಧಾನಕ್ಕೆ ಮುಂದುವರಿಯುತ್ತೆ ಅಷ್ಟೇ. ಎದೆ ಹತ್ರ, ಬೆನ್ನಿಗೆ ಅಡ್ಡಡ್ಡ ಸ್ವಲ್ಪ ಸಡಿಲ ಆಗುತ್ತೆ, ಒಪ್ತೀನಿ. ಆದ್ರೆ ಭುಜ? ಭುಜದ ಹೊಲಿಗೆ ಒಳಗೆ ಹಿಗ್ಗಬಾರದು ಅಂತಾನೇ ಪಟ್ಟಿ ಕೊಟ್ಟು ಹೊಲಿದಿರ್ತಾರೆ, ಅದು ಎಲ್ಲಿಂದ ಬರುತ್ತೆ ಎರಡು ಬೆರಳು? ತೋಳಿನ ಉದ್ದವಂತೂ ಉಲ್ಟಾ. ಮೊಣಕೈ ಹತ್ರ ಮಡಿಕೆ ಬಿದ್ದು ಕೂತ ಮೇಲೆ ತೋಳು ಇನ್ನೂ ಮೇಲಕ್ಕೆ ಏರುತ್ತೆ, ಮೊದಲ ದಿನ ಮಣಿಕಟ್ಟಿಗೆ ಸರಿಯಾಗಿರೋದು ಆಮೇಲೆ ಗಿಡ್ಡ ಕಾಣುತ್ತೆ. ಗಟ್ಟಿ ಇರೋದು ಬೇರೆ, ಚಿಕ್ಕದಾಗಿರೋದು ಬೇರೆ. ಮಾರೋನಿಗೆ ಇದು ಗೊತ್ತಿಲ್ಲ ಅಂತೀರಾ? ಚೆನ್ನಾಗಿ ಗೊತ್ತು, ಗೊತ್ತಿದ್ದೇ ಎರಡನ್ನೂ ಕಲಸಿಬಿಡ್ತಾನೆ.

ಆಮೇಲೆ ಶುರುವಾಯ್ತು ಟಿಪ್ಸು. ಮನೇಲಿರೋ ಯಾವ್ದಾದ್ರೂ ಎಣ್ಣೆ ತಗೊಂಡು ಹೊರಗಡೆ ಪೂರ್ತಿ ಹಚ್ಚಿ ರಾತ್ರಿಯಿಡೀ ಬಿಡಿ ಸರ್. ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಎಣ್ಣೆ ಹಚ್ಚಿದ್ದು ಹಚ್ಚಿದ ಜಾಗದಲ್ಲೇ ಹೊಳೀತಾ ಕೂತಿದೆ, ಒಂದು ಹನಿನೂ ಒಳಗಿಳಿದಿಲ್ಲ, ಒರೆಸಿದ್ರೆ ಬಟ್ಟೆಗೆ ಬಂತು, ಹಾಕ್ಕೊಂಡ್ರೆ ಒಳಗಿನ ಬಿಳಿ ಬನಿಯನ್ನಿನ ಕತ್ತು ಪೂರ್ತಿ ಕಂದು. ಅದನ್ನ ಫೋಟೋ ತೆಗೆದು ಕಳಿಸಿದ್ರೆ, “ಗುಡ್ ಸರ್, ಇನ್ನೊಂದು ಸ್ವಲ್ಪ ದಿನ ಹಾಕಿ ನೋಡಿ”. ಗುಡ್ ಅಂತೆ. ಆಮೇಲೆ ನೀರು ಸ್ಪ್ರೇ ಮಾಡಿ ಮೈಮೇಲೇ ಒಣಗಿಸಿ ಅಂದ್ರು. ಮೊಣಕೈಗೆ ಹೇರ್ ಡ್ರೈಯರ್ ಹತ್ರ ಹಿಡಿದು ಕೈ ಮಡಚಿ ಅಂದ್ರು. ಪ್ರತೀ ಸಲನೂ ಕೊನೇಲಿ ಅದೇ ಮಾತು, ಇನ್ನೊಂದು ಸ್ವಲ್ಪ ದಿನ ಸರ್, ಇನ್ನೊಂದು ಸ್ವಲ್ಪ ದಿನ. ಈ ಡ್ರೈಯರ್ ವಿಷಯ ಒಂದು ಹೇಳ್ಬಿಡ್ತೀನಿ ಇಲ್ಲೇ, ಯಾರೂ ಮಾಡಬೇಡಿ. ಗಿಡದ ತೊಗಟೆ ರಸದಿಂದ ಹದ ಮಾಡಿದ ಚರ್ಮ ಒದ್ದೆ ಇರುವಾಗ 70-80 ಡಿಗ್ರಿ ಬಿಸಿಗೇ ಮುದುರಿಕೊಳ್ಳೋಕೆ ಶುರು ಮಾಡುತ್ತೆ, ಒಂದು ಸಲ ಮುದುರಿದ್ರೆ ಮತ್ತೆ ಬರಲ್ಲ. ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು ಇನ್ನೂ ಜಾಸ್ತಿ ಬಿಸಿ ತಡೆಯುತ್ತೆ, ಹಂಗಂತ ಅದರೊಳಗಿನ ಎಣ್ಣೆ ಒಣಗಲ್ಲ ಅಂತೇನಿಲ್ಲ, ಅಂಟು ಹಾಕಿ ಕೂರಿಸಿದ ಲೈನಿಂಗ್ ಬಿಡಲ್ಲ ಅಂತಾನೂ ಇಲ್ಲ. ಮೆತ್ತಗಾಗಲಿ ಅಂತ ಬಿಸಿ ಕೊಟ್ರೆ ಇನ್ನೂ ಸೆಟೆದು ಕೂರುತ್ತೆ.

ಒಂದಿನ ಮೊಣಕೈ ಹತ್ರ ಚಟ್ ಅಂತ ಸಣ್ಣ ಸದ್ದು. ನೋಡಿದ್ರೆ ಕಪ್ಪು ಪದರ ಅಡ್ಡಕ್ಕೆ ಸೀಳಿದೆ, ಸೀಳಿನ ಒಳಗೆ ಬೂದು ಬಣ್ಣದ ನವಿರು ನವಿರು ನಾರು ಕಾಣ್ತಾ ಇದೆ, ಉಗುರಲ್ಲಿ ಮೆಲ್ಲಗೆ ಎತ್ತಿದ್ರೆ ಆ ಕಪ್ಪು ಪದರ ಪ್ಲಾಸ್ಟಿಕ್ ಹಾಳೆ ಎದ್ದ ಹಾಗೆ ಎದ್ದು ಬಂತು. ಮೈ ಉರಿದುಹೋಯ್ತು. ಸಾಕಪ್ಪಾ ನಿಮ್ಮ ಶರ್ಟು, ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಬರೆದೆ.

ಈಗ ಬಂದ ಉತ್ತರ ನೋಡಿ. “ಪ್ರಾಡಕ್ಟ್ ಮೇಲೆ ಎಣ್ಣೆ ಕಲೆ ಇದೆ. ನೀರು ತಾಗಿದೆ. ಹೀಟ್ ಡ್ಯಾಮೇಜ್ ಇದೆ. ಯೂಸ್ಡ್ ಐಟಂ ರಿಟರ್ನ್ ಆಗಲ್ಲ. ಪಾಲಿಸಿ ನೋಡಿ.”

ಎಣ್ಣೆ ಹಚ್ಚಿ ಅಂದಿದ್ದು ಯಾರು? ನೀರು ಹೊಡಿ ಅಂದಿದ್ದು ಯಾರು? ಡ್ರೈಯರ್ ಹಿಡಿ ಅಂದಿದ್ದು ಯಾರು? ಅವರೇ ಬರೆದ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಒಂದೊಂದಾಗಿ ಅವರಿಗೇ ಕಳಿಸ್ದೆ. ಅದಕ್ಕೆ ಹೇಳ್ತಾರೆ, “ಅದು ಜನರಲ್ ಟಿಪ್ಸ್. ನಿಮ್ಮ ರಿಸ್ಕ್ ಮೇಲೆ ಮಾಡ್ಕೋಬೇಕು.” ಭುಜ ಚಿಕ್ಕದು ಅಂತ ಮೊದಲನೇ ದಿನವೇ ಹೇಳಿದ್ದೀನಲ್ಲಾ ಅಂದ್ರೆ, “ನ್ಯಾಚುರಲ್ ಪ್ರಾಡಕ್ಟ್, ಒಂದೊಂದು ಪೀಸ್ ಒಂದೊಂದು ಥರ ಇರುತ್ತೆ.” ನ್ಯಾಚುರಲ್ ಆದ್ರೆ ಭುಜದ ಅಳತೆ ಬದಲಾಗುತ್ತಾ? ಹೊಲಿದಿದ್ದು ಪ್ರಕೃತಿನಾ?

ಆಗ ನಾನು ಕೂತು ಚಾಟ್ ಪೂರ್ತಿ ಮೇಲಿಂದ ಓದ್ದೆ. ಓದ್ತಾ ಓದ್ತಾ ಮುಖ ಬಿಸಿಯಾಯ್ತು ನೋಡಿ, ಸಿಟ್ಟೋ ಅವಮಾನವೋ ಗೊತ್ತಾಗ್ಲಿಲ್ಲ. ಒಂದೊಂದು ‘ಇನ್ನೊಂದು ಸ್ವಲ್ಪ ದಿನ’ವನ್ನೂ ರಿಟರ್ನ್ ತಾರೀಖಿನ ಪಕ್ಕ ಇಟ್ಟು ನೋಡಿದೆ. ಕೊನೇ ‘ಸ್ವಲ್ಪ ದಿನ’ ಬಂದಿರೋದು ರಿಟರ್ನ್ ಮುಗಿಯೋ ಹಿಂದಿನ ದಿನ. ಅಲ್ಲೀವರೆಗೂ ಪ್ರತೀ ಸಾಲಲ್ಲೂ ಸರ್, ಸರ್, ಸರ್. ತಾರೀಖು ದಾಟಿದ್ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದೇ ಒಂದು ಸರ್ ಇಲ್ಲ! ಮತ್ತೆ ಹೋಗಿ ಚೆಕ್ ಮಾಡ್ದೆ, ಇಲ್ಲ. ಶರ್ಟ್ ಮೆತ್ತಗೆ ಮಾಡೋ ಟಿಪ್ಸ್ ಅಂತ ಕೊಟ್ಟಿದ್ದೆಲ್ಲ ಎರಡು ಕೆಲಸ ಮಾಡಿದೆ, ಒಂದು ದಿನ ದೂಡಿದೆ, ಇನ್ನೊಂದು ನನ್ನ ಕೈಯಿಂದಲೇ ಶರ್ಟು ‘ಯೂಸ್ಡ್’ ಆಗೋ ಹಾಗೆ ಮಾಡಿಸಿದೆ. ಎಷ್ಟು ಚೆಂದವಾಗಿ ಕಿವಿ ಮೇಲೆ ಹೂವಿಟ್ಟಿದ್ದಾರೆ ಅಂದ್ರೆ, ಇಡೋವಾಗ ನಾನು ಥ್ಯಾಂಕ್ಸ್ ಅಂತ ಬೇರೆ ಬರೆದಿದ್ದೀನಿ.

ಶರ್ಟನ್ನ ಚರ್ಮದ ಬಟ್ಟೆ ರಿಪೇರಿ ಮಾಡೋ ಒಬ್ಬರ ಹತ್ರ ತಗೊಂಡೋದೆ, ಭುಜ ಬಿಡಿಸೋಕಾಗುತ್ತಾ ಅಂತ. ಅವರು ಮಾತಾಡದೆ ಕೆಳಗಿನ ಅಂಚು ಬಿಚ್ಚಿ ಕತ್ತರಿಸಿದ ತುದಿ ನನ್ನ ಕಡೆ ತಿರುಗಿಸಿದ್ರು. ಮೇಲೆ ದಪ್ಪನೆ ಕಪ್ಪು ಗೆರೆ, ಕೆಳಗೆ ಬರೀ ಜುಂಜು. “ಅಡಿ ಪದರ ಸರ್ ಇದು, ಮೇಲಿನ ಒಳ್ಳೆ ಪದರ ಬೇರೆ ಕಡೆ ಹೋಗಿದೆ, ಇದಕ್ಕೆ ಲೇಪ ಹೊಡೆದು ಡಿಸೈನ್ ಒತ್ತಿದ್ದಾರೆ. ಎಣ್ಣೆ ಎಲ್ಲಿ ಇಳಿಯುತ್ತೆ?” ಅಂದ್ರು. ಚರ್ಮವನ್ನ ಅಡ್ಡಕ್ಕೆ ಸೀಳಿದಾಗ ಕೆಳಗೆ ಉಳಿಯೋ ಭಾಗಕ್ಕೆ ಸ್ಪ್ಲಿಟ್ ಅಂತಾರೆ, ಅದೂ ಚರ್ಮವೇ, ಹಾಗಾಗಿ ‘ಜೆನ್ಯೂನ್’ ಅಂತ ಬರೆದಿದ್ದು ಸುಳ್ಳು ಅಂತ ಹೇಳೋಕೂ ಆಗಲ್ಲ, ನೋಡಿ ಎಷ್ಟು ಬುದ್ಧಿವಂತಿಕೆ. ಯುರೋಪಿನ ಸ್ಟ್ಯಾಂಡರ್ಡ್ ಪ್ರಕಾರ ಮೇಲಿನ ಲೇಪ 0.15 ಮಿಲಿಮೀಟರ್ ದಾಟಿದ್ರೆ ಅದನ್ನ ಬರೀ ಲೆದರ್ ಅನ್ನೋ ಹಾಗಿಲ್ಲ, ಲೇಪ ಇರೋ ಲೆದರ್ ಅಂತಲೇ ಹೇಳಬೇಕು. ಇವರು ಎಲ್ಲೂ ಹೇಳಿರ್ಲಿಲ್ಲ. ಇಂಥದ್ದನ್ನ ವರ್ಷ ಹಾಕಿದ್ರೂ ಮೆತ್ತಗಾಗಲ್ಲ, ಮಡಿಸಿದ ಕಡೆ ಸೀಳುತ್ತೆ. ಇನ್ನು ಭುಜ ಬಿಡಿಸೋದು? ಬಟ್ಟೆ ಥರ ಹೊಲಿಗೆ ಬಿಚ್ಚಿ ಮತ್ತೆ ಹಾಕೋಕೆ ಬರಲ್ಲ, ಚರ್ಮಕ್ಕೆ ಸೂಜಿ ಒಂದು ಸಲ ತೂತು ಮಾಡಿದ್ರೆ ಆ ತೂತು ಹಾಗೇ ಇರುತ್ತೆ, ಹೊಲಿಗೆ ಹೊರಗೆ ಸರಿಸಿದ್ರೆ ಹಳೇ ತೂತಿನ ಸಾಲು ಪೂರ್ತಿ ಕಾಣುತ್ತೆ. ಅದೂ ಅಲ್ಲದೆ ಒಳಗೆ ಬಿಡೋಕೆ ಮಾರ್ಜಿನ್ನೇ ಇಟ್ಟಿರ್ಲಿಲ್ಲ. ಅವರು ಕೂಲಿ ಕೂಡ ತಗೊಳ್ಳಲಿಲ್ಲ, ಅಂಚು ಹೊಲಿದು ವಾಪಸ್ ಕೊಟ್ರು.

ಮೇಲಿನ ಪದರದ ಒಳ್ಳೆ ಚರ್ಮ ಆದ್ರೆ ಪಳಗಿಸೋದು ಇಷ್ಟೇ ಅಂತ ಅವರೇ ಹೇಳಿದ್ದು: ತೆಳು ಬನಿಯನ್ ಮೇಲೆ ಮನೇಲೇ ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕೊಳ್ಳಿ, ಕೈ ಮಡಚಿ ಬಿಚ್ಚಿ, ಕೂತು ಏಳಿ, ಬಿಚ್ಚಿದ ಮೇಲೆ ತೋಳನ್ನ ಸುರುಳಿ ಸುತ್ತಿ ಬಿಚ್ಚಿ ಕೈಯಲ್ಲಿ ಹಿಸುಕಿ, ಅಗಲ ಭುಜದ ಹ್ಯಾಂಗರಿಗೇ ಹಾಕಿ. ಲೆದರ್ ಕಂಡಿಷನರ್ ಹಚ್ಚೋದಾದ್ರೆ ಮೊದಲು ಒಳಗಿನ ಅಂಚಲ್ಲಿ ಕಾಣದ ಕಡೆ ಒಂಚೂರು ಹಚ್ಚಿ ಬಣ್ಣ ಕಪ್ಪಾಗುತ್ತಾ ನೋಡಿ, ಆಮೇಲೆ ತೆಳ್ಳಗೆ. ವಾಷಿಂಗ್ ಮೆಷಿನ್, ಬಿಸಿಲು, ಸ್ಪಿರಿಟ್ ಸ್ಪ್ರೇ ಇವೆಲ್ಲ ಬೇಡ. ಸೋಪು, ಸ್ಪಿರಿಟ್ ಎರಡೂ ಹದ ಮಾಡುವಾಗ ಕುಡಿಸಿದ ಎಣ್ಣೆನೇ ತೆಗೆದುಬಿಡುತ್ತವೆ. ಇಷ್ಟರಲ್ಲಿ ಮೆತ್ತಗಾಗೋ ಲಕ್ಷಣವೇ ಕಾಣಲಿಲ್ಲ ಅಂದ್ರೆ ಲೇಪದ ಮಾಲು ಅಂತ ಅನುಮಾನ ಪಡಿ.

ಇನ್ನು ತಗೊಳ್ಳೋರಿಗೆ. ಬಂದ ದಿನ ಏನೂ ಹಚ್ಚೋಕೆ ಮುಂಚೆ ಹಾಕ್ಕೊಂಡು ಭುಜದ ಹೊಲಿಗೆ ಎಲ್ಲಿ ಕೂತಿದೆ ನೋಡಿ, ಕತ್ತಿನ ಕಡೆ ಒಳಗೆ ಕೂತಿದ್ರೆ ಮಾತುಕತೆನೇ ಬೇಡ, ವಾಪಸ್. ಒಳಗೆ ಮಡಚಿದ ಅಂಚಲ್ಲಿ, ಚರ್ಮದ ಹೊರಮೈ ಮೇಲೆ, ಒಂದು ಹನಿ ನೀರು ಇಟ್ಟು ನೋಡಿ, ಲೇಪ ಇಲ್ಲದ ಚರ್ಮ ಆದ್ರೆ ನಿಧಾನಕ್ಕೆ ಕುಡಿದು ಅಲ್ಲಿ ಕಪ್ಪಾಗುತ್ತೆ, ಹನಿ ಮಣಿ ಥರ ಉರುಳಿ ಹೋದ್ರೆ ಮೇಲೆ ಲೇಪ ಇದೆ ಅಂತ. ಲೇಪ ಇದ್ದ ಮಾತ್ರಕ್ಕೆ ಎಲ್ಲಾ ಕೆಟ್ಟ ಮಾಲು ಅಂತೇನಲ್ಲ, ತೆಳು ಲೇಪದ ಒಳ್ಳೆ ಶರ್ಟುಗಳೂ ಇದಾವೆ, ಆದ್ರೆ ಅದಕ್ಕೆ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಅನ್ನೋರು ಮಾತ್ರ ನಿಮ್ಮನ್ನ ಮಂಗ ಮಾಡ್ತಾ ಇದಾರೆ. ಆರ್ಡರ್ ಮಾಡೋ ಮುಂಚೆ ಕತ್ತರಿಸಿದ ಅಂಚಿನ ಕ್ಲೋಸಪ್ ಫೋಟೋ, ಎರಡು ಭುಜದ ಹೊಲಿಗೆ ನಡುವಿನ ಅಳತೆ ಕೇಳಿ, ಚಾರ್ಟಿಂದ ಅಲ್ಲ, ಕಳಿಸೋ ಪೀಸಿಗೇ ಟೇಪ್ ಇಟ್ಟ ಫೋಟೋ. ನಾನು ಇದನ್ನ ಈಗ ಅದೇ ಜನರ ಹತ್ರ ಬೇರೆ ನಂಬರಿಂದ ಕೇಳಿ ನೋಡ್ದೆ. “ಟೆನ್ಷನ್ ಬೇಡ ಸರ್, ಹಾಕ್ತಾ ಹಾಕ್ತಾ ಸರಿಹೋಗುತ್ತೆ” ಅಂದ್ರು, ಫೋಟೋ ಮಾತ್ರ ಇನ್ನೂ ಬಂದಿಲ್ಲ.