ಪುಟ್ಟ ಮಾದರಿಯನ್ನು ಬೃಹತ್ತಾಗಿ ತೋರಿಸುವ ಮೂರು ಬಗೆ

ಅಂಗೈಯಗಲದ ರಟ್ಟಿನ ಮಾದರಿ ಪರದೆಯ ಮೇಲೆ ಬೃಹತ್ತಾಗಿ ಕಾಣಬೇಕಾದರೆ, ಅದನ್ನು ಎಷ್ಟು ನಾಜೂಕಾಗಿ ಮಾಡಿದ್ದೇವೆ ಎಂಬುದಕ್ಕಿಂತ ಒಂದೊಂದು ಫ್ರೇಮಿಗೂ, ಅಂದರೆ ಚಲನಚಿತ್ರದ ಒಂದೊಂದು ಬಿಡಿಚಿತ್ರಕ್ಕೂ, ಕ್ಯಾಮೆರಾ ಎಷ್ಟು ಸಮಯ ಕೊಡುತ್ತದೆ ಎಂಬುದೇ ಮುಖ್ಯವಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಬರುವ ಮುನ್ನ ವೈಜ್ಞಾನಿಕ ಕಾಲ್ಪನಿಕ ಚಲನಚಿತ್ರಗಳಲ್ಲಿ ಬಳಕೆಯಲ್ಲಿದ್ದ ಮೂರು ವಿಧಾನಗಳನ್ನು ಮನೆಯಲ್ಲಿಯೇ ಪ್ರಯೋಗಿಸಿ ನೋಡಿದ ಮೇಲೆ ನನಗೆ ಹೀಗನ್ನಿಸಿದೆ.

ಮೊದಲನೆಯದು ಸೆಕೆಂಡಿಗೆ ಹೆಚ್ಚು ಫ್ರೇಮುಗಳಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುವುದು. ಮಾದರಿ ಚಿಕ್ಕದಾದರೂ ಗುರುತ್ವಾಕರ್ಷಣೆ ಕಡಿಮೆಯಾಗುವುದಿಲ್ಲವಾದ್ದರಿಂದ, ಒಂದಡಿಯ ಗೋಪುರ ಕ್ಷಣಾರ್ಧದಲ್ಲಿ ಬಿದ್ದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಮಾದರಿ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಫ್ರೇಮುಗಳನ್ನು ಹೆಚ್ಚಿಸಬೇಕು: 16 ಪಟ್ಟು ಕಿರಿದಾದರೆ ಸೆಕೆಂಡಿಗೆ 24ರ ಬದಲು 96. ಮೊಬೈಲಿನಲ್ಲಿ 120 ಫ್ರೇಮುಗಳಿಟ್ಟು ಸೀಮೆಸುಣ್ಣದ ಗೋಡೆಯನ್ನು ಕೆಡವಿದಾಗ ಅದಕ್ಕೆ ನಿಜವಾದ ಭಾರ ಬಂದಿತ್ತು. ಆದರೆ ಪ್ರತಿ ಫ್ರೇಮಿಗೂ ಸಿಗುವ ಸಮಯ ಕಡಿಮೆಯಾಗುವುದರಿಂದ ಈ ವಿಧಾನ ಬೆಳಕನ್ನು ನುಂಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳ ಮಿನುಗೂ ಎದ್ದು ಕಾಣುವುದರಿಂದ ಬಿಸಿಲೇ ಗತಿ. ನೀರಿನ ವಿಷಯದಲ್ಲಂತೂ ಇದಕ್ಕೂ ಮಿತಿಯಿದೆ, ಏಕೆಂದರೆ ಮಾದರಿಗೆ ತಕ್ಕಂತೆ ಹನಿಗಳನ್ನು ಕುಗ್ಗಿಸಲು ಸಾಧ್ಯವಿಲ್ಲ.

ಎರಡನೆಯದು ಸ್ಟಾಪ್ ಮೋಷನ್. ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಕದಲಿಸುವುದು. ಮೇಜಿನ ದೀಪವೊಂದಿದ್ದರೆ ಸಾಕು, ಖರ್ಚಿಲ್ಲ, ಬೇಕಾದದ್ದು ತಾಳ್ಮೆ. ಇದರ ಕೊರತೆಯೆಂದರೆ ಪ್ರತಿ ಫ್ರೇಮಿನಲ್ಲೂ ಗೊಂಬೆ ನಿಂತೇ ಇರುವುದರಿಂದ ನಿಜವಾದ ಚಲನೆಯ ಮಸುಕು ಮೂಡುವುದಿಲ್ಲ, ನಡಿಗೆ ತುಸು ಕುಕ್ಕಿದಂತೆ ಕಾಣುತ್ತದೆ. 1933ರ ‘ಕಿಂಗ್ ಕಾಂಗ್’ನಲ್ಲಿ ಗೊಂಬೆಯನ್ನು ಕದಲಿಸಿದ ವಿಲ್ಲಿಸ್ ಓಬ್ರಿಯನ್ ಬಳಗದವರ ಬೆರಳು ತಾಗಿದಲ್ಲೆಲ್ಲ ದೈತ್ಯ ಗೊರಿಲ್ಲ ಕಾಂಗನ ಮೈಯ ತುಪ್ಪಳ ಅಲುಗಾಡುವುದನ್ನು ಇಂದಿಗೂ ನೋಡಬಹುದು. ಆ ಅಲುಗಾಟ ನನಗೆ ದೋಷವೆನ್ನಿಸುವುದಿಲ್ಲ. ಪ್ರಾಣಿಗೆ ಅದು ಜೀವ ತುಂಬುತ್ತದೆ. ಆದರೆ ನುಣುಪಾಗಿ ತೇಲಬೇಕಾದ ಬಾಹ್ಯಾಕಾಶ ನೌಕೆಗೆ ಈ ವಿಧಾನ ಒಗ್ಗುವುದಿಲ್ಲ.

ನೌಕೆಗೆ ಮೂರನೆಯದೇ ಸರಿ: ಬೆಳಕನ್ನು ಒಳಬಿಡುವ ಷಟರ್ ತೆರೆದಿರುವಾಗಲೇ ಕ್ಯಾಮೆರಾವನ್ನೋ ಮಾದರಿಯನ್ನೋ ಅತಿ ನಿಧಾನವಾಗಿ ಸರಿಸುತ್ತ, ಪ್ರತಿ ಫ್ರೇಮಿಗೂ ದೀರ್ಘ ಹೊತ್ತು ಬೆಳಕು ಕೊಡುವುದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಡಿಸ್ಕವರಿ ನೌಕೆಯ ದೊಡ್ಡ ಮಾದರಿಯೇ ಸುಮಾರು 54 ಅಡಿ ಉದ್ದವಿತ್ತು, ಅದು ಮೂತಿಯಿಂದ ಬಾಲದವರೆಗೆ ಸ್ಫುಟವಾಗಿ ಕಾಣಲೆಂದು ಲೆನ್ಸಿನ ರಂಧ್ರವನ್ನು ಬಹಳ ಕಿರಿದಾಗಿಸಿ, ಒಂದೊಂದು ಫ್ರೇಮಿಗೂ ಹಲವು ಸೆಕೆಂಡುಗಳನ್ನು ಕೊಡುತ್ತಿದ್ದರು. 1977ರ ‘ಸ್ಟಾರ್ ವಾರ್ಸ್’ಗಾಗಿ ಜಾನ್ ಡೈಕ್‌ಸ್ಟ್ರಾ ಬಳಗ ಕಟ್ಟಿದ ವಿದ್ಯುನ್ಮಾನ ನಿಯಂತ್ರಿತ ಕ್ಯಾಮೆರಾ ಒಂದೇ ಹಾದಿಯನ್ನು ಕರಾರುವಾಕ್ಕಾಗಿ ಮತ್ತೆ ಮತ್ತೆ ಕ್ರಮಿಸಬಲ್ಲದಾಗಿದ್ದರಿಂದ, ನೌಕೆಯ ಮೈ, ಎಂಜಿನ್ನಿನ ಹೊಳಪು ಮುಂತಾದವನ್ನು ಬೇರೆ ಬೇರೆ ಸುತ್ತುಗಳಲ್ಲಿ ಚಿತ್ರಿಸಿ ಕೂಡಿಸಲು ಸಾಧ್ಯವಾಯಿತು. ನನ್ನಲ್ಲಿದ್ದದ್ದು ಗುರುತು ಹಾಕಿದ ಅಡ್ಡಪಟ್ಟಿ ಮತ್ತು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮಾತ್ರ. ಆದರೂ ಕಪ್ಪು ಬಟ್ಟೆಯ ಮುಂದೆ ಸರಿದ ರಟ್ಟಿನ ನೌಕೆಯಲ್ಲಿ ಕಂಡ ಗಾಂಭೀರ್ಯ ಉಳಿದೆರಡು ವಿಧಾನಗಳಲ್ಲಿ ಸಿಗಲಿಲ್ಲ.

ಹೊಗೆ, ಬೆಂಕಿ, ಧೂಳು ಇದ್ದಲ್ಲಿ ಮಾತ್ರ ಈ ವಿಧಾನ ನಡೆಯುವುದಿಲ್ಲ. ದೀರ್ಘ ಬೆಳಕಿನಲ್ಲಿ ಅವು ಬರಿಯ ಮಂಜಾಗಿ ಕಲಸಿಹೋಗುತ್ತವೆ. ಹೀಗಾಗಿ ನೌಕೆ ಹಾರುವವರೆಗೆ ಮೂರನೆಯ ವಿಧಾನ, ಅದು ಸಿಡಿಯುವ ಗಳಿಗೆಗೆ ಮೊದಲನೆಯದು ಎಂದು ನಾನೀಗ ಹಂಚಿಕೊಂಡಿದ್ದೇನೆ.