ಪೊಟ್ಟಣದ ಮೇಲೆ ಕಿತ್ತಳೆ, ಲೋಟದಲ್ಲಿ ಇದ್ದಿಲು: ಕಾಫಿ ಬೀಜ ಕೊಳ್ಳುವವರ ಗಮನಕ್ಕೆ

ಕಳೆದ ತಿಂಗಳು ಚಿಕ್ಕಮಗಳೂರಿನಿಂದ ಹಿಂದಿರುಗುವಾಗ ರಸ್ತೆ ಬದಿಯ ಅಂಗಡಿಯೊಂದರಲ್ಲಿ 1,400 ರೂಪಾಯಿ ಕೊಟ್ಟು ಒಂದು ಕಿಲೋ ಅರೇಬಿಕಾ ಬೀಜ ಕೊಂಡೆ. ಪೊಟ್ಟಣದ ಮೇಲೆ ‘ಲೈಟ್ ರೋಸ್ಟ್’, ಅಂದರೆ ಹಗುರವಾಗಿ ಹುರಿದದ್ದು, ಎಂದೂ ಅದರ ಕೆಳಗೆ ಕಿತ್ತಳೆ, ಜೇನು, ಮಲ್ಲಿಗೆ ಎಂದೂ ಅಚ್ಚಾಗಿತ್ತು. ತೋಟದಲ್ಲಿ ಕಾಫಿಯ ನಡುವೆಯೇ ಕಿತ್ತಳೆ ಮರಗಳಿರುವುದರಿಂದ ಆ ಪರಿಮಳ ಬೀಜಕ್ಕೆ ಇಳಿದಿದೆ ಎಂದು ಅಂಗಡಿಯವರು ಹೇಳಿದ್ದಕ್ಕೆ ನಾನೂ ತಲೆಯಾಡಿಸಿದೆ.

ಮನೆಯಲ್ಲಿ ಪೊಟ್ಟಣ ಕತ್ತರಿಸಿದರೆ ಬೀಜಗಳು ಎಣ್ಣೆ ಸವರಿದಂತೆ ಕಪ್ಪಗೆ ಹೊಳೆಯುತ್ತಿದ್ದವು. ಪುಡಿ ಮಿಕ್ಸಿ ಜಾರಿನ ಒಳಮೈಗೆ ಮೆತ್ತಿಕೊಂಡಿತು. ಡಿಕಾಕ್ಷನ್‌ಗೆ ಸುಟ್ಟ ತೆಂಗಿನ ಚಿಪ್ಪಿನ ವಾಸನೆಯಿತ್ತು. ಫೋನ್ ಮಾಡಿದಾಗ ಬಂದ ಉತ್ತರ: “ಹಾಲು, ಸಕ್ಕರೆ ಸ್ವಲ್ಪ ಜಾಸ್ತಿ ಹಾಕ್ಕೊಳ್ಳಿ ಸಾರ್, ಆಗ ಕಿತ್ತಳೆ ಗೊತ್ತಾಗುತ್ತೆ.” ಹಣ ವಾಪಸು ಕೇಳಿದೊಡನೆ ಕರೆ ಕಡಿತಗೊಂಡಿತು.

ಈ ಹಣ್ಣು, ಹೂವುಗಳ ಹೆಸರುಗಳು ಪಕ್ಕದ ಮರದಿಂದ ಬರುವಂಥವಲ್ಲ. ಬೀಜದೊಳಗಿನ ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳೂ ಹುರಿಯುವಾಗ ಹುಟ್ಟುವ ಪರಿಮಳ ದ್ರವ್ಯಗಳೂ ಸೇರಿ ನಾಲಿಗೆಗೆ ಏನನ್ನು ನೆನಪಿಸುತ್ತವೆಯೋ ಅದಕ್ಕೆ ಕೊಟ್ಟ ಹೆಸರುಗಳವು. ಬೀಜ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೊದಲ ಬಾರಿ ಚಟಪಟ ಸಿಡಿಯುತ್ತದೆ. ಅಲ್ಲಿಂದ ಸ್ವಲ್ಪದರಲ್ಲೇ ಇಳಿಸಿದರೆ ಲೈಟ್ ರೋಸ್ಟ್, ಹುಳಿಯೂ ಹಣ್ಣಿನ ಸುಳಿವೂ ಉಳಿಯುತ್ತವೆ. ಇನ್ನಷ್ಟು ಹುರಿದರೆ ಬೆಲ್ಲದ ಪಾಕ, ಗೋಡಂಬಿ, ಚಾಕೊಲೇಟ್‌ಗಳತ್ತ ರುಚಿ ಸರಿಯುತ್ತದೆ. ಸುಮಾರು 225 ಡಿಗ್ರಿಯ ಆಸುಪಾಸಿನಲ್ಲಿ ಎರಡನೆಯ ಸಿಡಿತವನ್ನೂ ದಾಟಿಸಿದರೆ ಆಮ್ಲಗಳು ಬಹುಪಾಲು ಒಡೆದು, ಒಳಗಿನ ಎಣ್ಣೆ ಮೇಲೆ ಬಂದು, ಯಾವ ತೋಟದ ಬೀಜವಾದರೂ ಹೆಚ್ಚುಕಡಿಮೆ ಒಂದೇ ಕಹಿಯಾಗುತ್ತದೆ. ಆ ಕಹಿಯ ಮೇಲೆ ನನಗೆ ಸಿಟ್ಟಿಲ್ಲ. ಚಿಕೋರಿ ಬೆರೆಸಿದ ಹಾಲಿನ ಕಾಫಿಗೆ ಗಾಢವಾಗಿ ಹುರಿದದ್ದೇ ಒಗ್ಗುತ್ತದೆ, ನಮ್ಮ ಮನೆಯಲ್ಲೂ ನಡೆಯುವುದು ಅದೇ. ಆದರೆ ಅದನ್ನೇ ಕಿತ್ತಳೆಯ ಹೆಸರಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುವುದು ಮೋಸ.

ಆದ್ದರಿಂದ ಹಣ ಕೊಡುವ ಮುನ್ನ ಬೀಜವನ್ನು ಅಂಗೈಗೆ ಹಾಕಿಸಿಕೊಳ್ಳಿ. ಲೈಟ್ ರೋಸ್ಟ್ ಬೀಜ ತಿಳಿ ಕಂದು ಬಣ್ಣದ್ದಾಗಿ, ಒಣಗಿದಂತಿದ್ದು, ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ಗಾಢವಾಗಿ ಹುರಿದದ್ದು ಸುಲಭವಾಗಿ ಪುಡಿಯಾಗುತ್ತದೆ. ನಡು ಹದದ ಬೀಜ ಹಳತಾದಾಗಲೂ ಒಂದೆರಡು ಎಣ್ಣೆ ಚುಕ್ಕೆ ಕಾಣಬಹುದು, ಆದರೆ ಇಡೀ ಬೀಜ ಕಪ್ಪಾಗಿ ಮಿನುಗುತ್ತಿದ್ದರೆ ಪೊಟ್ಟಣದ ಬರಹವನ್ನು ನಂಬಬೇಡಿ. ಪ್ಯಾಕ್ ಮಾಡಿದ ತಿಂಗಳಲ್ಲ, ಹುರಿದ ದಿನಾಂಕವನ್ನೇ ಕೇಳಿ. ನನ್ನ ಪೊಟ್ಟಣದಲ್ಲಿ ಅದಕ್ಕೆ ಬಿಟ್ಟಿದ್ದ ಜಾಗ ಖಾಲಿಯಿತ್ತು; ನಾನು ಅದನ್ನು ನೋಡಿದ್ದು ಮನೆಗೆ ಬಂದ ಮೇಲೆ.