ಬ್ಯಾಟ್ರಿ ಬೋಲ್ಟಿಗೆ ಕೈ ಅಂದಾಜಾ, ಟಾರ್ಕ್ ಪಾನಾನಾ? ಎಲ್ಲಾ ಹಾಕಿ ನೋಡಿದೆ

ತೀರ್ಥಹಳ್ಳಿ ಕಡೆ ಮಳೆ ಹಿಡ್ಕೊಂತು ಅಂದ್ರೆ ನಮ್ಮ ಹಳೇ ಪಿಕಪ್ಪು ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬರೀ ಕಟ್ ಕಟ್ ಅಂತಿತ್ತು. ಬ್ಯಾಟ್ರಿ ಹೊಸದು. ಬಾನೆಟ್ ಎತ್ತಿ ನೋಡಿದ್ರೆ ಮೈನಸ್ ಕ್ಲಾಂಪು ಕೈಯಲ್ಲೇ ತಿರುಗ್ತಾ ಇದೆ ಮಾರಾಯ್ರೆ!

ಮೊದ್ಲು ಎಲ್ಲರ ಹಾಗೆ ಹತ್ತು ನಂಬರ್ ರಿಂಗ್ ಪಾನ ಹಿಡಿದು ಜೀವ ಬಿಟ್ಟು ಎಳೆದೆ. ಕ್ಲಾಂಪ್ ಸೀಸದ್ದು, ಮೆತ್ತಗೆ ಇರ್ತದೆ, ಎಳೆದೂ ಎಳೆದೂ ಅದರ ಎರಡು ಕಿವಿ ಒಂದಕ್ಕೊಂದು ತಾಗಿ ಕೂತ್ಬಿಡ್ತು, ಆಮೇಲೆ ಎಷ್ಟು ಬಿಗಿ ಮಾಡಿದ್ರೂ ಪೋಸ್ಟನ್ನ, ಅಂದ್ರೆ ಬ್ಯಾಟ್ರಿ ಮೇಲಿರೋ ಗೂಟನ್ನ, ಹಿಡಿಯೋದೇ ಇಲ್ಲ. ಹೊಸ ಕ್ಲಾಂಪ್ ತಂದೆ. ಗಾಡಿ ಪುಸ್ತಕದಲ್ಲಿ ನೋಡಿದ್ರೆ ಅದಕ್ಕೆ ಬೇಕಿರೋದು ಬರೀ 6 ನ್ಯೂಟನ್ ಮೀಟರ್, ಅಂದ್ರೆ 15 ಸೆಂಟಿಮೀಟರ್ ಪಾನದ ತುದೀಲಿ 4 ಕೆಜಿ ತೂಗುವಷ್ಟು ಬಲ, ಅಷ್ಟೇ.

ಎರಡನೇದು ಭಾವ ಕೊಟ್ಟ ದೊಡ್ಡ ಕ್ಲಿಕ್ ಪಾನ, ಅಂದ್ರೆ ಇಟ್ಟಷ್ಟು ಬಲ ಬಂದಾಗ ಟಿಕ್ ಅನ್ನೋ ಟಾರ್ಕ್ ಪಾನ, ಸಾಕೆಟ್ ಕೂರೋ ಚೌಕ ಅರ್ಧ ಇಂಚಿಂದು, 28ರಿಂದ 210 ನ್ಯೂಟನ್ ಮೀಟರ್ ವರೆಗೆ. "ಕಮ್ಮಿಗೆ ಇಟ್ಟು ಟಿಕ್ ಅನ್ನೋವರೆಗೆ ಎಳಿ" ಅಂದ್ರು. ಗಾಡಿಯ ಬಾಡಿ ಮೇಲೆ ಕೂರೋ ಅರ್ಥ್ ಕೇಬಲ್ಲಿನ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಹಾಕಿ ಎಳೆದೆ, ಟಿಕ್ ಅನ್ನಲಿಲ್ಲ, ಬೋಲ್ಟೇ ಟಪ್ ಅಂತು. ಅದಕ್ಕೆ ಬೇಕಿದ್ದಿದ್ದು 9, ಪಾನ ಶುರುವಾಗೋದೇ 28ಕ್ಕೆ. ವೀಲ್ ನಟ್ಟಿಗೆ ಬಂಗಾರ ಅದು, ಇಲ್ಲಿಗಲ್ಲ.

ಮುಳ್ಳು ತೋರಿಸೋ ಬೀಮ್ ಪಾನಾನೂ ಒಬ್ಬರತ್ರ ಇಸ್ಕೊಂಡು ನೋಡಿದೆ, ಮೋಸ ಇಲ್ಲ, ಆದ್ರೆ ಆಲ್ಟರ್ನೇಟರ್ ಹಿಂದೆ ಕತ್ತು ತಿರುಗಿಸಿ ಮುಳ್ಳು ನೋಡೋದು ನನ್ನಿಂದಾಗಲ್ಲ.

ಕೊನೆಗೆ ಕಾಲು ಇಂಚಿನ ಸಣ್ಣ ಕ್ಲಿಕ್ ಪಾನ ತಗೊಂಡೆ, 5ರಿಂದ 25. ಇದೇ ನನಗೆ ಸರಿ ಕಂಡಿದ್ದು. ಒಂದೇ ತಕರಾರು, 6ರಲ್ಲಿ ಟಿಕ್ ತುಂಬಾ ಸಣ್ಣದು, ಶೀಟ್ ಮೇಲೆ ಮಳೆ ಬೀಳೋವಾಗ ಕೇಳಲ್ಲ, ಕೈಗೇ ಗೊತ್ತಾಗ್ಬೇಕು, ನಿಧಾನಕ್ಕೆ ಎಳೀಬೇಕು. ನಾನು ಹೇಳಿದ ನಂಬರೆಲ್ಲ ನನ್ನ ಗಾಡಿದು, ನಿಮ್ಮದಕ್ಕೆ ನಿಮ್ಮ ಪುಸ್ತಕ ನೋಡಿ.

ಆದ್ರೆ ಒಂದು ನಿಜ ಹೇಳ್ಬೇಕು. ಸೆಲ್ಫ್ ಹೊಡೆಯೋವಾಗ ಮಲ್ಟಿಮೀಟರಿನ ಒಂದು ಕಡ್ಡಿ ಪೋಸ್ಟಿಗೆ ಒಂದು ಕಡ್ಡಿ ಕ್ಲಾಂಪಿಗೆ ಇಟ್ಟು ನೋಡಿದೆ. ಬಿಳಿ ಪುಡಿ ಕೂತಿದ್ದಾಗ 0.6 ವೋಲ್ಟ್ ಅಲ್ಲೇ ತಿಂತಿತ್ತು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಬರೀ ಕೈ ಅಂದಾಜಲ್ಲಿ ಬಿಗಿ ಮಾಡಿದ್ರೂ 0.1ಕ್ಕೆ ಇಳೀತು, ಟಾರ್ಕ್ ಪಾನದಲ್ಲೂ ಅಷ್ಟೇ. ವ್ಯತ್ಯಾಸ ಕಂಡಿದ್ದು ಎರಡು ತಿಂಗಳಾದ್ಮೇಲೆ, ತೋಟದ ರಸ್ತೇಲಿ ಕುಲುಕಿ ಕುಲುಕಿ ಕೈ ಅಂದಾಜಿನ ಪ್ಲಸ್ ಸಡಿಲ ಆಗಿತ್ತು, 6ಕ್ಕೆ ಬಿಗಿ ಮಾಡಿದ ಮೈನಸ್ ಹಾಗೇ ಇತ್ತು.

ವ್ಯಾಸಲೀನ್ ಬಿಗಿ ಮಾಡಿದ ಮೇಲೆ ಮೇಲ್ಗಡೆ ಹಚ್ಚಿ, ಥ್ರೆಡ್ಡಿಗೆ ಹಚ್ಚಿದ್ರೆ ಜಾರಿ ಅದೇ 6ಕ್ಕೆ ಜಾಸ್ತಿ ಬಿಗಿ ಆಗ್ತದೆ. ಬಿಚ್ಚೋವಾಗ ಮೈನಸ್ ಮೊದ್ಲು. ಕೆಲಸ ಆದ್ಮೇಲೆ ಪಾನಾನ 5ಕ್ಕೆ ಇಳಿಸಿಡಿ, ಸ್ಪ್ರಿಂಗ್ ಕೂರ್ತದೆ ಇಲ್ಲಾಂದ್ರೆ. ಭಾವ ಈಗ ಇದನ್ನ ವೀಲ್ ನಟ್ಟಿಗೆ ಕೇಳ್ತಿದಾರೆ, ಕೊಟ್ಟಿಲ್ಲ.